ಮಗಳ ಬೈಕಿನ ಬ್ಯಾಟರಿ ಕುಡಿದವರು

ನಮ್ಮ ಮನೆಯಲ್ಲಿ ಒಂದು ಯಂತ್ರ ಕೆಟ್ಟರೆ ಅದರ ಜೊತೆಗೆ ಸುತ್ತಮುತ್ತಲಿನ ಗಂಡಸರ ತಲೆಯೂ ಕೆಡುತ್ತದೆ. ಯಂತ್ರವನ್ನಾದರೂ ರಿಪೇರಿಗೆ ಕೊಡಬಹುದು. ಮಿಕ್ಸಿ ನಿಂತಾಗ ಹೀಗೇ ಆಯಿತು, ಬೋರಿನ ಮೋಟಾರು ಸುಟ್ಟಾಗ ಹೀಗೇ ಆಯಿತು, ಮುಂದೆ ಇನ್ನೇನು ಕೆಟ್ಟರೂ ಹೀಗೇ ಆಗುತ್ತದೆ. ಆದರೆ ಮಗಳ ನಾಲ್ಕು ಚಕ್ರದ ಬೈಕಿನ ಬ್ಯಾಟರಿ ನಿಂತಲ್ಲೇ ಇಳಿದುಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಗೆ ಬಂದಷ್ಟು ಬುದ್ಧಿವಂತರು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ದೇವರು ದೊಡ್ಡವನು.

ನನ್ನದು ಕೊಳ್ಳೇಗಾಲದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಮನೆ ಮಾತ್ರ ಯಳಂದೂರು ತಾಲೂಕಿನ ಹೊನ್ನೂರು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮನೆಯ ಪಕ್ಕದಲ್ಲೇ ಒಂದು ಶೀಟಿನ ಕೋಣೆ ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಹೊಡೆಸಿ, ಎರಡು ಮಷಿನ್ ಇಟ್ಟುಕೊಂಡು, ಬಸ್ಸಿನ ನೂಕಾಟಕ್ಕೆ ಕೈ ಮುಗಿದುಬಿಡಬೇಕು ಅಂತ ನನ್ನ ಆಸೆ. ಯಜಮಾನರೂ ಒಪ್ಪಿದ್ದರು. ಅವರದು ತೆಂಗಿನಕಾಯಿ ವ್ಯಾಪಾರ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರೆಷ್ಟು, ತಿರುಳೆಷ್ಟು ಅಂತ ಹೇಳುತ್ತಾರೆ. ತೆಂಗಿನಕಾಯಿ ಒಂದು ಬಿಟ್ಟು ಬೇರೆ ಯಾವುದರ ಒಳಗೂ ಅವರಿಗೆ ಏನೂ ಕಾಣಿಸುವುದಿಲ್ಲ.

ಪುಟಾಣಿ ಟ್ರಾಕ್ಟ್ರು

ಮೈಸೂರಿಗೆ ಕಾಯಿ ಲೋಡು ಇಳಿಸಲು ಹೋದವರು ಬರುವಾಗ ಲಾರಿಯಲ್ಲಿ ಈ ಬೈಕು ಹಾಕಿಕೊಂಡು ಬಂದರು. ಯಾರೋ ಓಡಿಸಿ ಬಿಟ್ಟಿದ್ದ ಹಳೇ ಗಾಡಿ. ದಪ್ಪ ದಪ್ಪ ಟಯರು, ಕೆಂಪು ಬಣ್ಣ, ಗೇರಿಲ್ಲ, ಕಿಕ್ಕರಿಲ್ಲ, ಬಟನ್ ಒತ್ತಿದರೆ ಸ್ಟಾರ್ಟು. ಮಕ್ಕಳು ಬಯಲಲ್ಲಿ ಓಡಿಸಿಕೊಳ್ಳಲಿ ಅಂತ ಮಾಡಿರುವ ಗಾಡಿ. ನಮ್ಮ ಮಗಳು ಕೇಳಿದ್ದು ಸೈಕಲ್ಲಿಗೆ ಒಂದು ಹೊಸ ಬೆಲ್ಲು.

"ಮಗಳ ಮೇಲೆ ಪ್ರೀತಿ ಇರೋ ಅಪ್ಪ ತರೋದು ಇಂಥದನ್ನೇ," ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಇಳಿಸಿದರು.

ಮಗಳು ಮನೆಯ ಸುತ್ತ ಕೆಲವು ಸುತ್ತು ಹೊಡೆದಳು. ಇಳಿದಳು. "ಅಪ್ಪಾ, ಕೆಳಗೆ ಸುಡ್ತದೆ," ಅಂದು ಸೈಕಲ್ ತೆಗೆದುಕೊಂಡು ಹೊರಟುಹೋದಳು. ಅಲ್ಲಿಗೆ ಮಗಳ ಪ್ರೀತಿ ಮುಗಿಯಿತು, ಅಪ್ಪನ ಪ್ರೀತಿ ಶುರುವಾಯಿತು. ಮಾರನೇ ದಿನದಿಂದ ಅವರೇ ಅದರ ಮೇಲೆ ಕೂತು ತೋಟಕ್ಕೆ ಹೋಗತೊಡಗಿದರು. ಮಕ್ಕಳ ಗಾಡಿಯ ಮೇಲೆ ಇವರ ಮೈ. ಮಂಡಿ ಎರಡೂ ಕಿವಿಯ ಪಕ್ಕಕ್ಕೆ ಬರುತ್ತಿದ್ದವು. ಹಿಂದಿನಿಂದ ನೋಡಿದರೆ ಬಚ್ಚಲುಮನೆಯಲ್ಲಿ ಮಣೆ ಮೇಲೆ ಕೂತು ಸ್ನಾನ ಮಾಡುವವರು ಮಣೆ ಸಮೇತ ಬೀದಿಗೆ ಬಂದ ಹಾಗೆ ಕಾಣುತ್ತಿತ್ತು. ಊರಿನವರು ಅದಕ್ಕೆ ಪುಟಾಣಿ ಟ್ರಾಕ್ಟ್ರು ಅಂತ ಹೆಸರಿಟ್ಟರು. ಅದು ನಿಂತದ್ದೆಲ್ಲಿ? ನನ್ನ ಶೀಟಿನ ಕೋಣೆಯಲ್ಲಿ.

ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಒಳಗಿನಿಂದ ಟಿಕ್ ಅಂತ ಒಂದು ಸದ್ದು ಮಾತ್ರ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.

"ತಳ್ಳುದ್ರೆ ಎದ್ದೇಳ್ತದೆ," ಅಂದರು ಯಜಮಾನರು. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಆಳುಗಳನ್ನು ಕರೆದರು. ಇವರು ಮೇಲೆ ಕೂತರು. ಆಳುಗಳು ತಳ್ಳಿದರು. ಬೀದಿ ಮುಗಿಯಿತು, ನಾಲೆ ಏರಿ ಬಂತು, ಏರಿ ಮೇಲೆಯೂ ತಳ್ಳಿದರು. ಗೇರಿಲ್ಲದ ಗಾಡಿ ತಳ್ಳಿದರೆ ಎದ್ದೇಳುವುದಿಲ್ಲ ಅಂತ ಎದುರಿಗೆ ಸ್ಕೂಟರಿನಲ್ಲಿ ಬಂದ ಹಾಲಿನ ಡೈರಿಯವರು ಹೇಳಿದರು. ಯಜಮಾನರು "ಇನ್ನೊಂಚೂರು ಜೋರಾಗಿ!" ಅಂತ ಹಿಂದಕ್ಕೆ ಕೂಗಿದರು.

ಕೊನೆಗೆ ಆಳುಗಳಲ್ಲಿ ಹಿರಿಯವನು ಕೈ ಬಿಟ್ಟು, ಹೆಗಲ ಟವಲಿನಲ್ಲಿ ಮುಖ ಒರೆಸಿಕೊಂಡು ಅಂದ: "ಸಾ, ಇಳೀರಿ. ತೋಟ ಬಂತು. ಇನ್ಯಾಕೆ ಸ್ಟಾರ್ಟು?"

ಒಗ್ಗದ ಬ್ಯಾಟರಿ

ಕೊಳ್ಳೇಗಾಲದಲ್ಲಿ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಒಬ್ಬ ಬ್ಯಾಟರಿ ಅಂಗಡಿಯವನಿದ್ದಾನೆ. ಅವನ ಹತ್ತಿರ ಏನೇ ತೊಂದರೆ ಹೇಳಿಕೊಂಡು ಹೋದರೂ ಅವನ ಔಷಧಿ ಒಂದೇ, ಹೊಸ ಬ್ಯಾಟರಿ. ಗಾಡಿಯ ಲೈಟು ಮಂಕಾದರೆ ಹೊಸ ಬ್ಯಾಟರಿ. ಹಾರನ್ ಗೊಗ್ಗರಾದರೆ ಹೊಸ ಬ್ಯಾಟರಿ. ನನಗೆ ತಲೆನೋವು ಅಂದಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದ.

ಹೊಸದು ಹಾಕಿಸಿಕೊಂಡು ಬಂದರು. ಮಾರನೇ ಬೆಳಿಗ್ಗೆ ಟಿಕ್. ವಾಪಸ್ ಒಯ್ದರು. ಅವನು ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಕೊಟ್ಟ. ಮಾರನೇ ಬೆಳಿಗ್ಗೆ ಮತ್ತೆ ಟಿಕ್.

"ಎಲ್ಲೋ ಸೋರ್ತಾ ಇರ್ಬೇಕು ಕಣ್ರಿ," ಅಂದೆ ನಾನು. "ಕೀ ತೆಗೆದ ಮೇಲೂ ಯಾವುದೋ ವೈರು ಒಳಗೊಳಗೇ ಕರೆಂಟ್ ಎಳೀತಾ ಇರ್ಬೇಕು. ಅಳೆದು ನೋಡ್ಸಿ."

ನಾನು ದಿನಾ ಮಾಡುವ ಕೆಲಸ ಅದೇ ತಾನೇ. ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕಿದರೆ ಬಟ್ಟೆ ಹಾಳು. ಆದರೆ ಟೇಪು ಹಿಡಿದ ಹೆಂಗಸಿನ ಮಾತು ಕೇಳಲು ಅವರೇನು ಬ್ಲೌಸ್ ಹೊಲಿಸಿಕೊಳ್ಳಲು ಬಂದಿದ್ದರೇ?

"ನಿಂಗೇನ್ ಗೊತ್ತದೆ ಸುಮ್ನಿರು. ಸಣ್ ಬ್ಯಾಟ್ರಿ ಆದ್ದರಿಂದ ಬೇಗ ಖಾಲಿ ಆಯ್ತದೆ," ಅಂದು ದೊಡ್ಡದೊಂದು ತಂದರು. ಅದು ಕಾರಿಗೆ ಹಾಕುವಂಥದ್ದು. ಸೀಟಿನ ಕೆಳಗೆ ಎಲ್ಲಿ ಹಿಡಿಸಬೇಕು? ಸೀಟಿನ ಮೇಲೆಯೇ ಇಟ್ಟು ನಾರಿನ ಹಗ್ಗದಲ್ಲಿ ಬಿಗಿದರು. ಬ್ಯಾಟರಿ ಸೀಟಿನ ಮೇಲೆ ಆರಾಮವಾಗಿ ಕೂತಿತು, ಯಜಮಾನರು ಅದರ ಮುಂದೆ ಟ್ಯಾಂಕಿನ ಮೇಲೆ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಹೇಳುವುದೇ ಕಷ್ಟವಾಯಿತು.

ದೊಡ್ಡ ಬ್ಯಾಟರಿ ಮೂರು ನಾಲ್ಕು ದಿನ ತಡೆಯಿತು. ಅಷ್ಟು ದಿನವೂ ನನ್ನ ಮುಖ ನೋಡಿ ನೋಡಿ ಮೀಸೆ ತಿರುವಿದರು. ಆಮೇಲೆ ಅದೂ ಮಲಗಿತು. ಸಿಟ್ಟಿನಿಂದ ಅಂಗಡಿಯವನ ಹತ್ತಿರ ಜಗಳಕ್ಕೆ ಹೋದರು. ನಾನೂ ಜೊತೆಗಿದ್ದೆ. ಅವನು ಬ್ಯಾಟರಿಯ ನೆತ್ತಿ ಸವರಿ, ಮಗಳನ್ನು ಕೊಟ್ಟ ಮನೆಯ ಮುಂದೆ ನಿಂತ ಅಪ್ಪನ ಹಾಗೆ ಮುಖ ಮಾಡಿ ನನಗೆ ಹೇಳಿದ:

"ಅಕ್ಕಾ, ನಮ್ ಬ್ಯಾಟ್ರಿ ಮೇಲೆ ಒಂದ್ ಮಾತ್ ಆಡಂಗಿಲ್ಲ. ನಿಮ್ ಗಾಡಿಯೇ ಅದ್ರ ಜೊತೆ ಒಂದ್ಕೊಂಡ್ ಓಯ್ತಾ ಇಲ್ಲ."

ಮೂಗುದಾರ

ಹನೂರಿನ ಕಡೆ ಯಜಮಾನರ ಸ್ನೇಹಿತರೊಬ್ಬರು ಹೊಲದಲ್ಲಿ ಹೊಸ ಮನೆ ಕಟ್ಟಿಸಿ ಬಾಡೂಟಕ್ಕೆ ಕರೆದಿದ್ದರು. ನಾವು ಬಸ್ಸಿನಲ್ಲಿ ಹೋಗಿ ಉಂಡು ಬರಬಹುದಿತ್ತು. ಹಾಗೆ ಮಾಡಿದರೆ ಪುಟಾಣಿ ಟ್ರಾಕ್ಟ್ರು ಹನೂರಿನವರಿಗೆ ಕಾಣುವುದು ಹೇಗೆ? ಸಣ್ಣ ಬ್ಯಾಟರಿಯನ್ನೇ ಚಾರ್ಜ್ ಮಾಡಿಸಿ ಮತ್ತೆ ಹಾಕಿ, ಗಾಡಿಯನ್ನು ಕಾಯಿ ಲಾರಿಗೆ ಏರಿಸಿ, ನನ್ನನ್ನೂ ಮುಂದೆ ಕೂರಿಸಿಕೊಂಡು ಹೊರಟರು.

ಅಲ್ಲಿ ಇಳಿದ ತಕ್ಷಣ ಗಾಡಿ ಚೆನ್ನಾಗಿಯೇ ಎದ್ದಿತು. ರಾಗಿ ಹೊಲದ ಬದು, ಜೋಳದ ಕೂಳೆ, ಎಲ್ಲದರ ಮೇಲೂ ಹತ್ತಿಸಿ ಇಳಿಸಿದರು. ಊಟಕ್ಕೆ ಬಂದಿದ್ದ ಹೆಂಗಸರು ತಲೆಗೆ ಸೆರಗು ಹಾಕಿಕೊಂಡು ಧೂಳಿನಲ್ಲಿ ನಿಂತು ನೋಡಿದರು. "ಮಗೂಗೆ ಅಂತ ತಂದಿದ್ದು," ಅಂತ ಇವರು ಎಲ್ಲರಿಗೂ ಹೇಳುತ್ತಿದ್ದರು. ಮಗು ಆ ಹೊತ್ತಿಗೆ ಹೊನ್ನೂರಿನಲ್ಲಿ ಅಜ್ಜಿಯ ಜೊತೆ ಕಡ್ಲೆಪುರಿ ತಿನ್ನುತ್ತಿತ್ತು. ಆಮೇಲೆ ಗಾಡಿಯನ್ನು ಹೊಲದ ಆ ತುದಿಯಲ್ಲಿ, ಫೋಟೋಕ್ಕೆ ಬೆಟ್ಟ ಹಿಂದೆ ಬರುವ ಹಾಗೆ ನಿಲ್ಲಿಸಿ ಊಟಕ್ಕೆ ಕೂತರು. ಇವರ ಊಟ ಅಂದರೆ ಬೇಗ ಮುಗಿಯುವುದಲ್ಲ. ಉಂಡರು, ಹುಣಸೆ ಮರದ ಕೆಳಗೆ ನಿದ್ದೆ ಮಾಡಿದರು, ಎದ್ದು ಎಲೆ ಅಡಿಕೆ ಹಾಕಿಕೊಂಡರು.

ಹೊರಡುವ ಹೊತ್ತಿಗೆ ಟಿಕ್.

ಕಾಡಂಚಿನ ಹೊಲ ಅದು. ಸೂರ್ಯ ಇಳಿಯುತ್ತಿದ್ದ ಹಾಗೆ ಆನೆ ಬರುವ ದಾರಿ. ಉಳಿದ ನೆಂಟರೆಲ್ಲ ಆಗಲೇ ಹೊರಟಿದ್ದರು. ಲಾರಿ ಡ್ರೈವರು ಹೊಲದೊಳಗೆ ಇಳಿಸಿದರೆ ಚಕ್ರ ಹೂತುಕೊಳ್ಳುತ್ತದೆ ಅಂತ ರಸ್ತೆಯಲ್ಲೇ ನಿಂತು ಹಾರನ್ ಮಾಡುತ್ತಿದ್ದ. ನನಗೆ ನಿಜವಾಗಿ ಹೆದರಿಕೆಯಾಯಿತು.

"ಬಿಟ್ ಬನ್ರಿ, ನಾಳೆ ತಕಂಡೋದ್ರಾಯ್ತು," ಅಂದೆ.

"ಗಾಡಿ ಬುಟ್ಟು ನಾನ್ ಬರಾಕಿಲ್ಲ."

"ಆನೆ ಬಂದ್ರೆ?"

"ಆನೆಗ್ಯಾಕೆ ಇದು? ಓಡ್ಸಕ್ ಬತ್ತದಾ ಅದ್ಕೆ?"

ನಾನು ಅವರನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದೆ. ಆನೆಯೂ ಅದರ ಮೇಲೆ ಹೆಚ್ಚು ಕಡಿಮೆ ಹೀಗೇ ಕಾಣಬಹುದು ಅನ್ನಿಸಿತು.

ಕೊನೆಗೆ ಸ್ನೇಹಿತರು ಪಕ್ಕದ ಹೊಲದವರನ್ನು ಎತ್ತಿನ ಜೋಡಿ ಸಮೇತ ಕರೆತಂದರು. ಬಂದವರು ಅರ್ಧ ಕನ್ನಡ ಅರ್ಧ ತಮಿಳು ಮಾತಾಡುವ ಮುದುಕಪ್ಪ. ಕೈಯಲ್ಲಿ ಹಗ್ಗ ಹಿಡಿದು ಗಾಡಿಯನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ನೋಡಿದರು. ಬಗ್ಗಿ ಹೆಡ್‌ಲೈಟಿನ ಕೆಳಗೆಲ್ಲ ಕೈಯಾಡಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ ಯಜಮಾನರನ್ನು ಕೇಳಿದರು:

"ಸೆರಿ ಅಣ್ಣಾ, ಎಳ್ಸಾನ. ಇದ್ಕೆ ಮೂಗುದಾರ ಎಲ್ಲಿ ಆಕಿದ್ದೀರಾ?"

ಆ ದಿನ ಲಾರಿಯಲ್ಲಿ ಬರುವಾಗಲೇ ನಾನು ಷರತ್ತು ಹಾಕಿದೆ. ದೀಪಾವಳಿಯೊಳಗೆ ಈ ಗಾಡಿ ದಿನಾ ಬೆಳಿಗ್ಗೆ ತಾನಾಗಿ ಎದ್ದರೆ ಶೀಟಿನ ಕೋಣೆ ಅದಕ್ಕೆ. ಇಲ್ಲದಿದ್ದರೆ ನನ್ನ ಮಷಿನಿಗೆ. ಎತ್ತುಗಳು ರಸ್ತೆಗೆ ಎಳೆದು ತಂದ ಗಾಡಿಯನ್ನು ಲಾರಿಗೆ ಎತ್ತಿ ಹಾಕಿ ಸೊಂಟ ಹಿಡಿದುಕೊಂಡಿದ್ದ ಯಜಮಾನರು ಒಪ್ಪಿದರು.

ಚಪ್ಪಲಿ ವೈದ್ಯ

ಷರತ್ತಿನ ಸುದ್ದಿ ಬೀದಿಗೆ ಹೋಯಿತು. ಮೊದಲು ಬಂದವರು ಪಕ್ಕದ ಮನೆಯ ಹಿರಿಯರು. ಲೈನ್‌ಮ್ಯಾನ್ ಕೆಲಸ ಮಾಡಿ ನಿವೃತ್ತರಾದವರು. ಕಂಬ ಹತ್ತುವ ಕಾಲದಲ್ಲಿ ಅವರು ಎಷ್ಟು ಮಾತಾಡುತ್ತಿದ್ದರೋ ಗೊತ್ತಿಲ್ಲ, ಇಳಿದ ಮೇಲೆ ಮಾತ್ರ ನಿಲ್ಲಿಸಿಲ್ಲ.

ಗಾಡಿಯ ಸುತ್ತ ಒಂದು ಸುತ್ತು ಬಂದು, ನೆಲಕ್ಕೆ ಬೂಟುಗಾಲಿನಲ್ಲಿ ಒದ್ದು ನೋಡಿ, "ಅರ್ತಿಂಗು," ಅಂದರು. "ನೆಲ ಎಳ್ಕಂತಾ ಅದೆ ಕಣಪ್ಪ. ನಿಮ್ ಬ್ಯಾಟ್ರಿ ಕರೆಂಟೆಲ್ಲ ಭೂಮಿಗ್ ಓಯ್ತಾ ಅದೆ. ನಡುವೆ ರಬ್ಬರ್ ಕೊಡ್ಬೇಕು."

"ಟಯರು ಯಾವುದ್ರಲ್ಲಿ ಮಾಡಿರ್ತಾರೆ ಅಣ್ಣಾ?" ಅಂತ ಕೇಳಿದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. "ಹೆಣ್ಮಕ್ಳಿಗೆ ಏಳುದ್ರೆ ತಿಳಿಯಾಕಿಲ್ಲ ಇದು," ಅಂತ ಯಜಮಾನರಿಗೆ ಹೇಳಿದರು. ಯಜಮಾನರು ತಿಳಿದವರ ಹಾಗೆ ತಲೆ ಆಡಿಸಿದರು.

ಹೀಗೆ ಮನೆಯಲ್ಲಿದ್ದ ಹವಾಯಿ ಚಪ್ಪಲಿಗಳನ್ನೆಲ್ಲ ಒಟ್ಟು ಮಾಡಿ ಒಂದೊಂದು ಚಕ್ರದ ಕೆಳಗೆ ಒಂದೊಂದು ಇಟ್ಟರು. ನನ್ನದು ಎಡಗಾಲಿನದು ಮುಂದಿನ ಚಕ್ರಕ್ಕೆ, ಅತ್ತೆಯದು ಬಲಗಾಲಿನದು ಹಿಂದಿನ ಚಕ್ರಕ್ಕೆ. ಮಗಳು ಸ್ಕೂಲ್ ಷೂ ಹಾಕಿಕೊಂಡೇ ಹಿತ್ತಲಿಗೆ ಹೋಗಿ ಬರಬೇಕಾಯಿತು. ಅತ್ತೆ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಓಡಾಡಿದರು. ಗಾಡಿ ಮಾತ್ರ ನಾಲ್ಕು ಕಾಲಿಗೂ ಚಪ್ಪಲಿ ಹಾಕಿಕೊಂಡು ಮದುವೆಗೆ ಹೊರಟ ಹಾಗೆ ನಿಂತಿತ್ತು. ಬೆಳಿಗ್ಗೆ ನೋಡಿದರೆ ಯಥಾಪ್ರಕಾರ ಟಿಕ್.

ಆ ಭಾನುವಾರ ಯಜಮಾನರ ಕಡೆಯ ನೆಂಟರು ದಂಡಿಯಾಗಿ ಬಂದರು. ಬಾಗಿಲಿಗೆ ಬಂದವರು ಶೀಟಿನ ಕೋಣೆ ಕಡೆ ನೋಡಿ ಅತ್ತ ಹೋದರು. ಬರಿಗಾಲಿನಲ್ಲಿ ಒಳಗೆ ಬಂದರು. ಕಾಫಿ ಕೊಟ್ಟು ಹೊರಗೆ ಹೋಗಿ ನೋಡುತ್ತೇನೆ, ಗಾಡಿಯ ಸುತ್ತ ಸಾಲಾಗಿ ಚಪ್ಪಲಿ. ನೆಂಟರಲ್ಲಿ ಒಬ್ಬಾಕೆ ನನ್ನ ಹಿಂದೆಯೇ ಬಂದು ಮೆಚ್ಚಿಕೊಂಡು ಅಂದಳು:

"ಚಪ್ಲಿ ಸ್ಟ್ಯಾಂಡು ಬೋ ಚೆನ್ನಾಗದೆ ಕಣಕ್ಕ. ಎಲ್ ಮಾಡ್ಸಿದ್ರಿ?"

ಕೌದಳ್ಳಿ ಭಾವ

ಇನ್ನು ಕೌದಳ್ಳಿ ಭಾವ. ಯಜಮಾನರ ಅಕ್ಕನ ಗಂಡ. ನಾನು ಅಣ್ಣ ಅಂತ ಕರೆಯಬೇಕು, ಆದರೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವರು ಭಾವನೇ. ಕೌದಳ್ಳಿಯಲ್ಲಿ ಗೊಬ್ಬರದ ಅಂಗಡಿ. ಅಂಗಡಿಯನ್ನು ನಮ್ಮತ್ತಿಗೆ ನೋಡಿಕೊಳ್ಳುತ್ತಾರೆ, ಭಾವ ಮೊಬೈಲ್ ನೋಡಿಕೊಳ್ಳುತ್ತಾರೆ. ಪ್ರಪಂಚದಲ್ಲಿ ಏನು ಕೆಟ್ಟರೂ ಅದನ್ನು ಸರಿ ಮಾಡುವ ವಿಡಿಯೋ ಅವರ ಹತ್ತಿರ ಇರುತ್ತದೆ. ಯಜಮಾನರು ಫೋನು ಮಾಡಿದ ದಿನವೇ ಬಟ್ಟೆ ಚೀಲ ಸಮೇತ ಬಂದಿಳಿದರು.

ಅಳಿಯ ಬಂದರೆ ಅತ್ತೆಗೆ ಕೈಕಾಲು ಆಡುವುದಿಲ್ಲ. ಅಂದರೆ ಆಡುವುದು ನನ್ನ ಕೈಕಾಲು. ಬೆಳಿಗ್ಗೆ ದೋಸೆ, ಮಧ್ಯಾಹ್ನ ನಾಟಿ ಕೋಳಿ ಸಾರು, ಸಂಜೆ ಬೋಂಡ.

"ಇದಕ್ಕೆ ಪ್ಯಾರಾಸಿಟಿಕ್ ಡ್ರೈನ್ ಅಂತಾರೆ," ಅಂತ ಭಾವ ಜಗುಲಿ ಮೇಲೆ ಕೂತು ಘೋಷಿಸಿದರು.

"ಡ್ರೈನಾ?" ಅಂದರು ಅತ್ತೆ. "ಗಾಡಿವೊಳಕೆ ಚರಂಡಿ ಯಾರಪ್ಪಾ ತಗುದ್ರು?"

"ಚರಂಡಿ ಅಲ್ಲ ಅತ್ತೆ. ಪ್ಯಾರಾಸೈಟ್ ಅಂದ್ರೆ, ಎಮ್ಮೆಗೆ ಉಣ್ಣೆ ಇಡ್ಕೊಳ್ಳಲ್ವಾ, ಅಂಗೆ. ಯಾವುದೋ ಒಂದು ಸದ್ದಿಲ್ದೆ ಕುಂತ್ಕಂಡು ಬ್ಯಾಟ್ರಿ ಕುಡೀತಾ ಅದೆ."

ಇಷ್ಟರ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನೂ ಮೊದಲ ದಿನದಿಂದ ಇದನ್ನೇ ಹೇಳಿದ್ದೆ, ಉಣ್ಣೆ ಒಂದನ್ನು ಬಿಟ್ಟು. ಅಳೆದು ನೋಡುತ್ತೇನೆ ಅಂತ ಅವರು ಹೊಸ ಮೀಟರ್ ತೆಗೆದಾಗ ನನಗೆ ನಿಜವಾಗಿ ಸಂತೋಷವಾಯಿತು. ಒಬ್ಬರಾದರೂ ಅಳತೆ ತೆಗೆಯುವವರು ಬಂದರಲ್ಲ ಅಂತ.

ಎಷ್ಟು ಕರೆಂಟು ಸೋರುತ್ತಿದೆ ಅಂತ ನೋಡಬೇಕಾದರೆ ಬ್ಯಾಟರಿಯ ಒಂದು ವೈರು ಬಿಚ್ಚಿ ಅದರ ನಡುವೆ ಮೀಟರ್ ಸೇರಿಸಬೇಕು. ಭಾವ ಆ ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿ ಬೋಂಡ ತಿಂದಿದ್ದರು ಅಂತ ಕಾಣುತ್ತದೆ. ಮೀಟರಿನ ಗುಂಡಿಯನ್ನು ಕರೆಂಟು ಅಳೆಯುವ ಕಡೆ ತಿರುಗಿಸಿ ಅದರ ಎರಡು ಮುಳ್ಳನ್ನೂ ನೇರವಾಗಿ ಬ್ಯಾಟರಿಯ ಎರಡು ತುದಿಗೇ ಒತ್ತಿದರು. ಚಟ್ ಅಂತ ಕಿಡಿ ಹಾರಿತು. ಮೀಟರಿನಿಂದ ಹೊಗೆ ಬಂತು. ಭಾವ ಹಿಂದಕ್ಕೆ ನೆಗೆದು ಅತ್ತೆಯ ಒಣಮೆಣಸಿನಕಾಯಿ ಮೊರದ ಮೇಲೆ ಕೂತರು.

"ಡೂಪ್ಲಿಕೇಟ್ ಮೀಟರು!" ಅಂದರು ಮೆಣಸಿನಕಾಯಿಯ ಮೇಲಿನಿಂದಲೇ.

ಅಲ್ಲಿಗೆ ಪರೀಕ್ಷೆ ಮುಗಿಯಿತು, ಆದರೆ ಭಾವ ಹೊರಡಲಿಲ್ಲ. ಒರಿಜಿನಲ್ ಮೀಟರ್ ಆರ್ಡರ್ ಮಾಡಿದ್ದೇನೆ, ಬರುವವರೆಗೂ ಇಲ್ಲೇ ಇರುತ್ತೇನೆ ಅಂದರು. ಅದು ಬರಲೇ ಇಲ್ಲ. ಬ್ಯಾಟರಿ ಇಳಿಯುತ್ತಲೇ ಇತ್ತು, ಕೋಳಿಗಳೂ ಕಡಿಮೆಯಾಗುತ್ತ ಬಂದವು. ಒಂದು ಮಧ್ಯಾಹ್ನ ಬಡಿಸುತ್ತಿದ್ದಾಗ ಅತ್ತೆ ಕೇಳಿದರು:

"ಅಲ್ಲಾ ಅಳಿಯಂದ್ರೆ, ಆ ಉಣ್ಣೆ ಯಾವಾಗ್ ಬುಟ್ಟೋದದು?"

"ಎಲ್ ಕುಂತದೆ ಅಂತ ಗೊತ್ತಾದ್ರೆ ಸಾಕು ಅತ್ತೆ, ಕಿತ್ತಾಕ್ಬೋದು," ಅಂದರು ಭಾವ, ಇನ್ನೊಂದು ಮುದ್ದೆಗೆ ತಟ್ಟೆ ಒಡ್ಡುತ್ತ.

ಎಲ್ಲಿ ಕೂತಿದೆ ಅಂತ ನನಗೆ ಕಾಣುತ್ತಲೇ ಇತ್ತು. ಕೀಳುವುದು ಹೇಗೆ ಅಂತ ಮಾತ್ರ ತಿಳಿಯಲಿಲ್ಲ.

ಟೀ ಕುಡಿದು ಬನ್ನಿ

ಕೋಣೆ ಹೋದರೂ ಸರಿ, ಭಾವ ಹೊರಟರೆ ಸಾಕು ಅಂತ ಕೊನೆಗೆ ನಾನೇ ಹಟ ಹಿಡಿದು ಗಾಡಿಯನ್ನು ಲಗೇಜ್ ಆಟೋದಲ್ಲಿ ಕೊಳ್ಳೇಗಾಲದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದೆ. ಅವನಿಗೆ ತನ್ನ ಬಗ್ಗೆ ಇದ್ದ ಅಭಿಪ್ರಾಯ ಚಿಕ್ಕದಲ್ಲ. "ಬ್ಯಾಟ್ರಿ ಅಂಗಡಿಯವ್ನು ಬ್ಯಾಟ್ರಿ ಮಾರ್ತಾನೆ ಅಕ್ಕ. ನಾನು ಕರೆಂಟ್ ಓದ್ತೀನಿ," ಅಂದ. ಓದಲಿ ಅಂತ ಬಿಟ್ಟು ಬಂದೆವು. ವೈರುಗಳಿಗೆ ಸುತ್ತಿದ್ದ ಟೇಪನ್ನೆಲ್ಲ ಸುಲಿದು, ಎಲ್ಲವನ್ನೂ ಅಳೆದು, ಕೀ ತೆಗೆದ ಮೇಲೆ ಒಂದು ಹನಿ ಕರೆಂಟೂ ಹೋಗುತ್ತಿಲ್ಲ ಅಂತ ಫೋನ್ ಮಾಡಿದ. ಅವನ ಅಂಗಡಿಯಲ್ಲಿ ಗಾಡಿ ದಿನಾ ಎದ್ದಿತು. ಮನೆಗೆ ತಂದ ಮಾರನೇ ಬೆಳಿಗ್ಗೆ ಮಲಗಿತು. ಮತ್ತೆ ಕಳಿಸಿದೆವು. ಮತ್ತೆ ಅಲ್ಲಿ ಎದ್ದಿತು, ಇಲ್ಲಿ ಮಲಗಿತು.

"ನಿಮ್ಮೂರಲ್ಲಿ ನಾಲೆ ತೇವ ಜಾಸ್ತಿ," ಅಂದ ಎಲೆಕ್ಟ್ರಿಷಿಯನ್.

ದೀಪಾವಳಿ ಹತ್ತಿರ ಬಂದಿತ್ತು. ಯಜಮಾನರಿಗೆ ಊಟ ಸೇರುತ್ತಿರಲಿಲ್ಲ. ಅವರು ಗಾಡಿಯ ಮುಂದೆ ಸುಮ್ಮನೆ ಕುಕ್ಕರಗಾಲಿನಲ್ಲಿ ಕೂತಿರುವುದನ್ನು ನೋಡಿ ನನಗೇ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಬರೀ ಒಂದು ಗಳಿಗೆ. ಮೂರನೇ ಸಲ ನನ್ನ ಅಂಗಡಿಯ ಬಾಗಿಲು ಹಾಕಿ ನಾನೂ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. "ನಮ್ಮೆದುರಿಗೇ ಅಳೆಯಪ್ಪ," ಅಂದೆ.

ಲಗೇಜ್ ಆಟೋದಿಂದ ಹಲಗೆಯ ಮೇಲೆ ಯಜಮಾನರೇ ಗಾಡಿ ಇಳಿಸಿ ಅಂಗಡಿಯ ಮುಂದೆ ನಿಲ್ಲಿಸಿದರು. ಎಲೆಕ್ಟ್ರಿಷಿಯನ್ ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ನಡುವೆ ಮೀಟರ್ ಸೇರಿಸಿದ. ಕೀ ನನ್ನ ಕೈಯಲ್ಲಿತ್ತು. ಸೊನ್ನೆ ಇರಬೇಕಾದ ಜಾಗದಲ್ಲಿ ಅಂಕಿ ಎದ್ದು ಕೂತಿತ್ತು.

"ಅಗೋ! ಎಳೀತಾ ಅದೆ!" ಅಂದ. ಫ್ಯೂಸ್ ಕಿತ್ತ. ಅಂಕಿ ಇಳಿಯಲಿಲ್ಲ. ರಿಲೇ ಕಿತ್ತ. ಇಳಿಯಲಿಲ್ಲ. ಹಾರನ್ ವೈರು, ಚಾರ್ಜಿಂಗ್ ವೈರು, ಎಲ್ಲ ಬಿಚ್ಚಿದ. ಯಜಮಾನರು ಅವನ ಹೆಗಲ ಮೇಲೆ ಬಗ್ಗಿ "ಅದಲ್ಲ, ಇದು ಕೀಳು. ಇದಲ್ಲ, ಅದು ಕೀಳು" ಅನ್ನುತ್ತಲೇ ಇದ್ದರು. ಅವನ ಮುಖ ಕೆಂಪಾಯಿತು.

"ರೀ, ನೀವ್ ಓಗಿ ಟೀ ಕುಡ್ಕಂಡ್ ಬನ್ನಿ," ಅಂದೆ.

ಅವರು ಹೋದರು. ಅವನು ಬಿಸಿಲಿಗೆ ಅಂತ ಗಾಡಿಯನ್ನು ನೆರಳಿಗೆ ತಳ್ಳಿಕೊಂಡ. ಮೀಟರ್ ನೋಡಿದರೆ ಸೊನ್ನೆ! ಈಗ ತಾನೇ ಬಿಚ್ಚಿದ್ದರಲ್ಲೇ ದೋಷ ಇರಬೇಕು ಅಂತ ಒಂದೊಂದೇ ವೈರು ವಾಪಸ್ ಸೇರಿಸಿದ. ಸೊನ್ನೆ. ಎಲ್ಲ ಸೇರಿಸಿದ. ಆಗಲೂ ಸೊನ್ನೆ.

ಯಜಮಾನರು ಬಾಯಿ ಒರೆಸಿಕೊಳ್ಳುತ್ತ ಬಂದರು. ಬಂದು ಹ್ಯಾಂಡಲ್ ಹಿಡಿದು ನಿಂತು "ಏನಾಯ್ತು?" ಅಂದರು. ಅಂಕಿ ಧಡಕ್ಕನೆ ಎದ್ದಿತು.

"ಸಾ, ವಸಿ ಆ ಕಡೀಕ್ ಓಗಿ," ಅಂದ ಅವನು. ಇವರು ಮುಖ ಊದಿಸಿಕೊಂಡು ರಸ್ತೆಯ ಆಚೆ ಹೋದರು. ಅವನು ಗಾಡಿಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡಿಸಿ ನೋಡಿದ. ಸೊನ್ನೆ. "ಬನ್ನಿ ಸಾ." ಬಂದರು, ಹ್ಯಾಂಡಲ್ ಹಿಡಿದರು. ಅಂಕಿ ಎದ್ದಿತು.

ಅಷ್ಟರಲ್ಲಿ ಜನ ಸೇರಿದ್ದರು. ಕಬ್ಬಿನ ಹಾಲಿನ ಗಾಡಿಯವನು ಗಾಣ ನಿಲ್ಲಿಸಿ ಬಂದ. "ಅವರ ಮೈಯಾಗೇ ಏನೋ ಅದೆ," ಅಂತ ಯಾರೋ ಅಂದರು. ಎಲೆಕ್ಟ್ರಿಷಿಯನ್ ಯಜಮಾನರ ಫೋನು ತೆಗೆಸಿದ, ವಾಚು ತೆಗೆಸಿದ, ತಾಮ್ರದ ಉಂಗುರ ತೆಗೆಸಿದ. ಆದರೂ ಅವರು ಹತ್ತಿರ ಬಂದರೆ ಅಂಕಿ ಏರುತ್ತಿತ್ತು. ಬೆಲ್ಟು ಬಿಚ್ಚಿ ಅಂದಾಗ ಯಜಮಾನರು ಪಂಚೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಸಹಾಯಕ್ಕೆ ಅಂತ ನೋಡಿದ್ದು ಅದೇ ಮೊದಲು.

ನಾನು ಆಗ ಅವರ ಜೇಬು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಗಾಡಿಯ ಹತ್ತಿರ ಬಂದ ಕೂಡಲೇ ಎಡಗೈ ತಾನಾಗಿ ಬ್ರೇಕ್ ಒತ್ತುತ್ತಿತ್ತು, ಹೆಬ್ಬೆರಳು ಅದರ ಪಕ್ಕದ ಕೊಕ್ಕೆಯನ್ನು ಟಕ್ ಅಂತ ಸಿಕ್ಕಿಸುತ್ತಿತ್ತು. ಗಾಡಿ ಉರುಳದ ಹಾಗೆ ಬ್ರೇಕನ್ನು ಹಿಡಿಸಿಡುವ ಕೊಕ್ಕೆ ಅದು. ಎಲೆಕ್ಟ್ರಿಷಿಯನ್ ಗಾಡಿ ತಳ್ಳಬೇಕಾದಾಗಲೆಲ್ಲ ಯೋಚನೆಯಿಲ್ಲದೆ ಅದನ್ನು ಬಿಡಿಸುತ್ತಿದ್ದ. ಇವರು ಬಂದವರೇ ಯೋಚನೆಯಿಲ್ಲದೆ ಅದನ್ನು ಸಿಕ್ಕಿಸುತ್ತಿದ್ದರು.

"ಬೆಲ್ಟು ಬಿಡಪ್ಪ, ಆ ಬ್ರೇಕ್ ಬಿಡ್ಸಿ ನೋಡು," ಅಂದೆ.

ಬಿಡಿಸಿದ. ಸೊನ್ನೆ. ಸಿಕ್ಕಿಸಿದ. ಅಂಕಿ. ಹಿಂದೆ ಹೋಗಿ ಬಗ್ಗಿದ. ಹಿಂದಿನ ಲೈಟಿನ ಮೇಲೆ ಪೂರ್ತಿ ಮುಚ್ಚುವ ಹಾಗೆ ಕಪ್ಪು ಸ್ಟಿಕ್ಕರ್ ಅಂಟಿಸಿತ್ತು. ಉಗುರಿನಲ್ಲಿ ಅದರ ಮೂಲೆ ಎಬ್ಬಿಸಿ ಎಳೆದ. ಒಳಗೆ ಬ್ರೇಕ್ ಲೈಟು ಕೆಂಪಗೆ ಉರಿಯುತ್ತಿತ್ತು. ಮೊದಲಿನವರು ಯಾರೋ ಅದರ ವೈರನ್ನು ಕೀ, ಫ್ಯೂಸು ಯಾವುದನ್ನೂ ದಾಟಿಸದೆ ನೇರ ಬ್ಯಾಟರಿಗೇ ಕೊಟ್ಟಿದ್ದರು. ಯಜಮಾನರು ಗಾಡಿ ನಿಲ್ಲಿಸಿದಾಗಲೆಲ್ಲ ಜವಾಬ್ದಾರಿಯಿಂದ ಬ್ರೇಕ್ ಹಾಕಿಡುತ್ತಿದ್ದರು. ಲೈಟು ಬೆಳಗಿನವರೆಗೆ ಉರಿಯುತ್ತಿತ್ತು. ಸ್ಟಿಕ್ಕರ್ ಅಂಟಿಸಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಅಂಟಿಸಿದವರೂ ಇವರೇ. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಅಪ್ಪನ ಆಶೀರ್ವಾದ" ಅಂತ ಬರೆದಿತ್ತು.

ವೈರನ್ನು ಕೀ ಮೂಲಕ ಹಾಕಿಸಿಕೊಂಡು ಬಂದೆವು. ಮಾರನೇ ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಎದ್ದಿತು, ಅದರ ಮಾರನೇ ದಿನವೂ ಎದ್ದಿತು. ಷರತ್ತು ಗೆದ್ದೆ, ಕೋಣೆ ಗಾಡಿಗೆ ಅಂತ ಯಜಮಾನರು ಅಂಗಳದಲ್ಲಿ ನಿಂತು ಹೇಳಿದರು. ಗಾಡಿ ಕೆಟ್ಟೇ ಇರಲಿಲ್ಲ, ಕೆಟ್ಟಿದ್ದು ನೀವು ಅಂತ ನಾನಂದೆ. ಅತ್ತೆ ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಡುವೆ ಬಂದು ತೀರ್ಪು ಕೊಟ್ಟರು: "ಅದೇನ್ ಬಾಣಂತಿಯೇನ್ಲಾ ಮಗ, ಕ್ವಾಣೆ ಒಳಗೇ ಇರಕೆ? ಸರ್ಯಾಗದೆ ಅಂದ್ಮೇಲೆ ಆಚೆ ನಿಲ್ಸು." ಹಬ್ಬಕ್ಕೆ ಮುಂಚೆಯೇ ನನ್ನ ಮಷಿನ್ ಕೋಣೆಗೆ ಬಂತು. ಕೋಣೆ ಗುಡಿಸಿದ ಧೂಳಿಗೆ ಸೀನು ಹಿಡಿದು ಭಾವ ಕೌದಳ್ಳಿ ಬಸ್ಸು ಹತ್ತಿದರು.

ಕೊಳ್ಳೇಗಾಲದ ಅಂಗಡಿಯಲ್ಲಿ ಉಳಿದಿದ್ದ ಸಾಮಾನು ತರಲು ಹೋದ ದಿನ ಎಲೆಕ್ಟ್ರಿಷಿಯನ್ ಬೀದಿಯಲ್ಲೇ ಬಂದೆ. ಅಲ್ಲೊಬ್ಬರು ಟ್ರಾಕ್ಟರ್ ತಂದು ನಿಲ್ಲಿಸಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ನಿಂತಲ್ಲೇ ಬ್ಯಾಟರಿ ಇಳಿದುಹೋಗುತ್ತದೆ, ಎಲ್ಲೋ ಸೋರುತ್ತಿರಬೇಕು, ಫ್ಯೂಸ್ ಕಿತ್ತು ನೋಡಬೇಕಲ್ಲವಾ ಅಂತ ಗಂಡ ಗಟ್ಟಿಯಾಗಿ ವಿವರಿಸುತ್ತಿದ್ದರು. ಎಲೆಕ್ಟ್ರಿಷಿಯನ್ ಎಲ್ಲ ಕೇಳಿಸಿಕೊಂಡ. ನಿಧಾನವಾಗಿ ಮೀಟರ್ ಸೇರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಹತ್ತಾರು ವರ್ಷದ ಅನುಭವಸ್ಥನ ಹಾಗೆ ಗಂಭೀರವಾಗಿ ಹೇಳಿದ:

"ಫ್ಯೂಸ್ ಆಮೇಕೆ ಕೀಳಾನ ಅಕ್ಕಾರೆ. ಮೊದ್ಲು ನಿಮ್ಮೆಜಮಾನ್ರನ್ನ ಟೀಗೆ ಕಳ್ಸಿ."